ಎರಡು ರಾಗಿ ಚೀಲ

ಆಟೊ ಬಂದು ಮನೆಯ ಮುಂದೆ ನಿಂತಾಗ ಗುರುಸಿದ್ದಮ್ಮ ನಡುಮನೆಯ ಮಂಚದ ಮೇಲೆ ಎರಡನೆಯ ರಾಗಿ ಚೀಲವನ್ನು ಸರಿಮಾಡುತ್ತಿದ್ದಳು. ಚೀಲವೆಂದರೆ ದೊಡ್ಡ ಗೋಣಿಯಲ್ಲ. ಹಳೇ ದಿಂಬಿನ ಗವಸಿಗೆ ರಾಗಿ ತುಂಬಿ ಬಾಯಿ ಹೊಲಿದದ್ದು. ತಲೆಯ ಆ ಕಡೆಗೊಂದು ಈ ಕಡೆಗೊಂದು ಇಟ್ಟರೆ ಮಲಗಿದವರ ಕತ್ತು ಅತ್ತಿತ್ತ ಹೊರಳುವ ಹಾಗಿಲ್ಲ. ಹಿಂದೆ ತನ್ನ ಕಣ್ಣಿನ ಆಪರೇಷನ್ ಆದಾಗ ಮರಳಿನ ಚೀಲ ಇಟ್ಟಿದ್ದರು. ಮನೆಯಲ್ಲಿ ಮರಳಿರಲಿಲ್ಲ, ರಾಗಿ ಇತ್ತು. ಓರಗಿತ್ತಿಯನ್ನು ಆಟೊದಿಂದ ಇಬ್ಬರಾದರೂ ಹಿಡಿದು ಇಳಿಸಬೇಕಾದೀತು ಎಂದು ಪಕ್ಕದ ಮನೆಯ ಚಲುವಮ್ಮನಿಗೂ ಹೇಳಿಕಳಿಸಿದ್ದಳು.

ಓರಗಿತ್ತಿ ಸುವರ್ಣಮ್ಮ ತಾನೇ ಇಳಿದಳು. ಮುಖಕ್ಕೊಂದು ಕರೀ ಕನ್ನಡಕ, ಕೈಯಲ್ಲೊಂದು ಬಾಳೆಹಣ್ಣಿನ ಚಿಪ್ಪು. ಮಗ ಇಂದ್ರೇಶ್ ಆಟೊದವನಿಗೆ ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಅವಳು ಜಗಲಿ ಹತ್ತಿ ಹೊಸಿಲು ದಾಟಿ, ಗೌರಿ ಬೆಳಿಗ್ಗೆ ಸರಿಯಾಗಿ ಹಾಲು ಕೊಟ್ಟಳೇ ಎಂದು ಕೇಳುತ್ತಿದ್ದಳು. ನಿನ್ನೆ ಮಧ್ಯಾಹ್ನ ಕಣ್ಣಿನ ಪೊರೆ ತೆಗೆಸಿಕೊಂಡ ಹೆಂಗಸು ಇವತ್ತು ಬಂದು ಹಸುವಿನ ಹಾಲು ವಿಚಾರಿಸುತ್ತಿದ್ದಾಳೆ.

ಗುರುಸಿದ್ದಮ್ಮನ ಹೊಟ್ಟೆಯೊಳಗೆ ಯಾರೋ ಒಂದು ಬೊಗಸೆ ಕೆಂಡ ಸುರಿದ ಹಾಗಾಯಿತು.

ಚಲುವಮ್ಮ ಬೇರೆ, ಉರಿಗೆ ತುಪ್ಪ ಹುಯ್ಯುವವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಇದೇನು ತಾಯಿ, ಮದುವೆಗೆ ಹೋಗಿ ಬಂದವಳ ಹಾಗೆ ಬಂದೆಯಲ್ಲ, ನೋವಿಲ್ಲವೇ, ಹೊಲಿಗೆ ಎಷ್ಟು, ಎಲ್ಲ ಕೇಳಿದಳು. ನೋವೇ ಆಗಲಿಲ್ಲ ಎಂದಳು ಸುವರ್ಣಮ್ಮ. ಹೊಲಿಗೆಯೂ ಇಲ್ಲವಂತೆ. ಮಲಗಿಸಿ, ಏನೋ ಮಾತಾಡಿಸುತ್ತಾ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪೊರೆ ತೆಗೆದು, ಅದೇ ಜಾಗದಲ್ಲಿ ಕಡಲೆಬೇಳೆಯಷ್ಟಿರುವ ಒಂದು ಗಾಜು ಇಟ್ಟರಂತೆ. ಇನ್ನು ದಪ್ಪ ಕನ್ನಡಕ ಬೇಕಾಗಿಲ್ಲ. ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಎದುರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಬಸವಣ್ಣನ ಕೊರಳ ಗಂಟೆಗಳನ್ನೂ ಎಣಿಸಿದಳಂತೆ.

"ಹೊರಗಡೆ ನಿಂತ್ಕಂಡು ಗಾಳಿ ಕುಡೀಬ್ಯಾಡ," ಎಂದಳು ಗುರುಸಿದ್ದಮ್ಮ. "ಒಳೀಕೆ ಬಂದು ಮಲಿಕ್ಕೊ."

ಇಂದ್ರೇಶ್ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ. ಆವತ್ತೇ ಹೋಗಬೇಕಿತ್ತು. ಹೆಂಡತಿ ಶಿಲ್ಪಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹಾಗಾಗಿ ಅವನು ಔಷಧಿಯ ಸೀಸೆಯನ್ನು ದೊಡ್ಡಮ್ಮನ ಕೈಗೇ ಇಟ್ಟು, ಎಚ್ಚರವಾಗಿರುವಷ್ಟು ಹೊತ್ತೂ ಎರಡೆರಡು ಗಂಟೆಗೊಂದು ಹನಿ ಹಾಕಬೇಕು, ಕಣ್ಣಿಗೆ ನೀರು ತಾಗಬಾರದು, ಮಲಗಿಸಿ ಇಡುವುದೇನೂ ಬೇಕಿಲ್ಲ, ಅಷ್ಟೇ ಅಂದಿದ್ದಾರೆ ಎಂದು ಹೇಳಿದ. ಆಗಲಿ ಹೋಗಪ್ಪ ಎಂದಳು ಗುರುಸಿದ್ದಮ್ಮ. ಬೈಕಿನ ಸದ್ದು ಮರೆಯಾಗುವ ತನಕ ಕಾದು, ಓರಗಿತ್ತಿಯ ರಟ್ಟೆ ಹಿಡಿದು ಮಂಚಕ್ಕೆ ಕರೆದೊಯ್ದಳು.

"ಡಾಕ್ಟ್ರು ಹಂಗೇ ಅಂತಾರೆ. ಹೋದ್ರೆ ಅವರ ಕಣ್ಣು ಹೋಯ್ತದಾ? ನಾನು ಅನುಭವಿಸಿರೋಳು ಹೇಳ್ತಿದ್ದೀನಿ. ಅಂಗಾತ ಮಲಿಕ್ಕೊ. ತಲೆ ಅಲ್ಲಾಡಿಸಬ್ಯಾಡ."

ಸುವರ್ಣಮ್ಮ ಆ ಎರಡು ಚೀಲಗಳನ್ನು ನೋಡಿದಳು. ಓರಗಿತ್ತಿಯ ಮುಖ ನೋಡಿದಳು. ಮಂಚ ಹತ್ತಿ ಮಲಗಿ, ಚೀಲಗಳ ನಡುವೆ ತಲೆ ಇಟ್ಟಳು.

ಗುರುಸಿದ್ದಮ್ಮನ ಕಣ್ಣಿನ ಕಥೆ ಗೊತ್ತಿಲ್ಲದವರು ಗಂಡಸಿ ಹೋಬಳಿಯಲ್ಲೇ ಕಡಿಮೆ. ಹದಿನಾರು ವರ್ಷದ ಹಿಂದಿನ ಮಾತು. ಅರಸೀಕೆರೆಯ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು. ಬೆಂಚು ಜೋಡಿಸಿ ಮಂಚ ಮಾಡಿದ್ದರು. ಕಪ್ಪುಹಲಗೆಯ ಮೇಲೆ ಮಕ್ಕಳ ಮಗ್ಗಿ ಹಾಗೇ ಇತ್ತು. ಕಣ್ಣು ಕೊಯ್ದು ಪೊರೆ ತೆಗೆದು, ಎರಡೂ ಕಣ್ಣಿಗೆ ಪಟ್ಟಿ ಬಿಗಿದು, ತಲೆಗೆ ಮರಳಿನ ಚೀಲ ಒತ್ತರಿಸಿ ಮಲಗಿಸಿದರು. ಒಂದು ವಾರ ಕೆಮ್ಮುವಂತಿಲ್ಲ, ಸೀನುವಂತಿಲ್ಲ, ಅಗಿಯುವಂತಿಲ್ಲ, ಎಲ್ಲವೂ ಮಲಗಿದಲ್ಲೇ. ಗಂಜಿ, ಬಿಟ್ಟರೆ ಗಂಜಿ. ಮರುವರ್ಷ ಇನ್ನೊಂದು ಕಣ್ಣಿಗೂ ಅದೇ ಪೂಜೆ. ಕೊನೆಗೆ ಸಿಕ್ಕಿದ್ದು ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದರೊಳಗಿಂದ ಲೋಕವೆಲ್ಲ ದಪ್ಪ ದಪ್ಪ, ಇದ್ದದ್ದಕ್ಕಿಂತ ಹತ್ತಿರ. ಲೋಟಕ್ಕೆ ಬಗ್ಗಿಸಿದ ನೀರು ಗೇಣು ಈಚೆಗೆ ಬೀಳುತ್ತಿತ್ತು. ಪಕ್ಕದಿಂದ ಬಂದ ಕರು ಗುಮ್ಮುವ ತನಕ ಕಾಣುತ್ತಿರಲಿಲ್ಲ. ಕನ್ನಡಕ ತೆಗೆದರಂತೂ ಮಜ್ಜಿಗೆಯೊಳಗೆ ಕಣ್ಣು ಬಿಟ್ಟ ಹಾಗೆ.

ಆದರೆ ಆ ಕನ್ನಡಕದ ಜೊತೆಗೊಂದು ಪದವಿಯೂ ಬಂದಿತ್ತು. ಯಾರಿಗಾದರೂ ಕಣ್ಣು ಮಂಜಾದರೆ ಮೊದಲು ಬರುತ್ತಿದ್ದದ್ದು ಗುರುಸಿದ್ದಮ್ಮನ ಜಗಲಿಗೆ. ಅವಳು ಆ ವಾರದ ಕಥೆಯನ್ನು ಹರಿಕಥೆಯ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. "ಗಂಡ ದಿಕ್ಕಿಲ್ಲ, ಮಗಳು ದಿಕ್ಕಿಲ್ಲ, ಕತ್ತಲಲ್ಲಿ ಒಬ್ಬಳೇ ಕಣವ್ವ, ನಾನು ಮತ್ತೆ ಆ ಶಿವ," ಎಂಬಲ್ಲಿಗೆ ಬಂದಾಗ ಕೇಳುವವರ ಕಣ್ಣಲ್ಲಿ ನೀರು. ಮಕ್ಕಳು ಸೋಡಾಗಾಜಿನ ಅಜ್ಜಿ ಎಂದು ಕರೆದರೂ ಅವಳಿಗೆ ಬೇಸರವಿರಲಿಲ್ಲ. ಗಂಡ ತೀರಿಕೊಂಡು, ಮಗಳು ಮಾದಿಹಳ್ಳಿಗೆ ಸೊಸೆಯಾಗಿ ಹೋಗಿ, ಮನೆಯ ಯಜಮಾನಿಕೆ ಸದ್ದಿಲ್ಲದೆ ಮೈದುನನ ಮಗನ ಕೈಗೆ ಹೋದ ಮೇಲೂ ಈ ಒಂದು ಪದವಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಕಥೆಯ ಕೊನೆಗೆ ಅವಳು ಬ್ಯಾಟರಿ ಬಿಟ್ಟು ಕೇಳಿದವರ ಕಣ್ಣು ನೋಡುತ್ತಿದ್ದಳು. ಪೊರೆ ಹಣ್ಣಾಗಬೇಕು, ಹಸಿ ಪೊರೆಗೆ ಕೈ ಹಾಕಬಾರದು ಎಂದು ಆಗಿನ ಡಾಕ್ಟರು ಅವಳಿಗೆ ಹೇಳಿದ್ದರು. ಅದು ಅವಳಿಗೆ ಚೆನ್ನಾಗಿ ಅರ್ಥವಾಗುವ ಮಾತು. ಅವಳ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ಹೆಚ್ಚುಕಡಿಮೆ ವರ್ಷ ಪೂರ್ತಿ ಒಣಗುತ್ತಾ ಕೂರುತ್ತಿತ್ತು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಗುಟ್ಟಿದರೆ ಮಾತ್ರ ಒಡೆಯಬೇಕು. ಅವಸರಪಟ್ಟರೆ ಕೊಬ್ಬರಿ ಚೂರು, ಮಂಡಿಯಲ್ಲಿ ಕೇಳುವವರಿಲ್ಲ. ಕಣ್ಣೂ ಹಾಗೇ ಎಂದು ಅವಳು ಊರಿಗೆಲ್ಲ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಸುವರ್ಣಮ್ಮನ ಕಣ್ಣಿಗೆ ಮಂಜು ಕವಿದಾಗಲೂ ಅದನ್ನೇ ಹೇಳಿದಳು. ಪ್ರತಿ ಅಮಾವಾಸ್ಯೆ ಸುವರ್ಣಮ್ಮ ಬಂದು ಮುಂದೆ ಕೂರುವುದು, ಇವಳು ಬ್ಯಾಟರಿ ಬಿಟ್ಟು ನೋಡುವುದು, ಇನ್ನೂ ಹಸಿ ಎನ್ನುವುದು. ಅಷ್ಟರಲ್ಲಿ ಸುವರ್ಣಮ್ಮ ಒಲೆಯ ಮುಂದೆ ಕೈ ಸುಟ್ಟುಕೊಂಡಳು, ಕೊಟ್ಟಿಗೆಯ ಮೆಟ್ಟಿಲಲ್ಲಿ ಬಿದ್ದಳು. ಇನ್ನೂ ಹಸಿ. ಆ ಕಣ್ಣಲ್ಲಿ ಪೊರೆ ಇದೆಯೋ ಇಲ್ಲವೋ ಎಂಬುದೇ ಆ ಗಾಜಿನೊಳಗಿಂದ ಗುರುಸಿದ್ದಮ್ಮನಿಗೆ ನೆಟ್ಟಗೆ ಕಾಣುತ್ತಿರಲಿಲ್ಲ ಎಂಬ ಮಾತು ಬೇರೆ. ಓರಗಿತ್ತಿ ತನ್ನ ಮುಂದೆ ಕತ್ತೆತ್ತಿ ಕೂತು ತೀರ್ಪಿಗೆ ಕಾಯುವ ಆ ಹೊತ್ತು ಅವಳಿಗೆ ಹಿತವಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಕೊನೆಗೆ ಶಿಲ್ಪಾ, ಈಗ ಪೊರೆ ಹಣ್ಣಾಗುವ ತನಕ ಕಾಯುವ ಕಾಲವಲ್ಲ, ಅರಸೀಕೆರೆಯಲ್ಲಿ ಹೊಸ ಕಣ್ಣಿನ ಆಸ್ಪತ್ರೆ ಬಂದಿದೆ ಎಂದು ಹಟ ಹಿಡಿದಳು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ. ಎರಡು ವರ್ಷ ಗುರುಸಿದ್ದಮ್ಮ ಕಾದಿಟ್ಟ ಪೊರೆಯನ್ನು ಆಸ್ಪತ್ರೆಯವರು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ತೆಗೆದು ಬಿಸಾಕಿದ್ದರು.

ಈಗ ನೋಡಲು ಬರುವವರ ಸಾಲು ಹತ್ತಿತು. ಬಂದವರು ಜಗಲಿಯಲ್ಲಿ ಕೂತ ಗುರುಸಿದ್ದಮ್ಮನನ್ನು ದಾಟಿ ಒಳಗೆ ಹೋಗುತ್ತಿದ್ದರು. ಹೋದವರು ಬೆರಳು ತೋರಿಸಿ ಎಷ್ಟು ಹೇಳು ಎನ್ನುವುದು, ಸುವರ್ಣಮ್ಮ ಸರಿಯಾಗಿ ಹೇಳುವುದು, ಎಲ್ಲರೂ ನಗುವುದು. ಮಾತಾಡಿಸಬೇಡಿ, ಕಣ್ಣಿಗೆ ಆಯಾಸ ಎಂದು ಗುರುಸಿದ್ದಮ್ಮ ಗದರಿ ಕಳಿಸಿದಳು. ಎರಡನೆಯ ದಿನ ಬಾಗಿಲು ಮುಂದಕ್ಕೆ ಹಾಕಿದಳು. ಓರಗಿತ್ತಿಗೆ ಗಂಜಿ ಬಿಟ್ಟು ಬೇರೇನೂ ಕೊಡಲಿಲ್ಲ. ಸ್ನಾನವಿಲ್ಲ, ಹಣೆಗೊಂದಿಷ್ಟು ವಿಭೂತಿ. ಇಷ್ಟಲಿಂಗದ ಪೂಜೆಯನ್ನೂ ಮಲಗಿದಲ್ಲೇ ಮಾಡಿಕೊ ಎಂದಳು. ಸಂಜೆ ಇಂದ್ರೇಶ್ ಬಂದು, ಇದೇನಮ್ಮ ಇನ್ನೂ ಮಲಗಿದ್ದೀಯಲ್ಲ ಎಂದರೆ, ಸುಸ್ತು ಕಣಪ್ಪ, ಮಲಗಿದ್ದರೆ ಹಾಯಾಗಿದೆ ಎಂದುಬಿಟ್ಟಳು ಸುವರ್ಣಮ್ಮ. ಇದು ಗುರುಸಿದ್ದಮ್ಮನಿಗೆ ಆಶ್ಚರ್ಯ. ದೂರು ಹೇಳುತ್ತಾಳೆ ಎಂದುಕೊಂಡಿದ್ದಳು. ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡೂ ಇದ್ದಳು.

ತಾನು ಪಟ್ಟದ್ದರಲ್ಲಿ ನಾಲ್ಕಾಣೆಯಷ್ಟಾದರೂ ಇವಳೂ ಪಡಲಿ ಎಂಬುದೇ ಅವಳ ಮನಸ್ಸಿನಲ್ಲಿದ್ದದ್ದು. ಬಾಯಲ್ಲಿ ಮಾತ್ರ ಇದೆಲ್ಲ ನಿನ್ನ ಒಳ್ಳೆಯದಕ್ಕೇ ಎನ್ನುತ್ತಿದ್ದಳು. ಹೇಳುತ್ತಾ ಹೇಳುತ್ತಾ ತಾನೂ ನಂಬುತ್ತಿದ್ದಳು.

ಹನಿಯ ಕೆಲಸ ಬೇರೆಯದೇ ಕಷ್ಟ. ಸೀಸೆಯ ಮೂತಿ ಸಾಸಿವೆಯಷ್ಟು. ಗುರುಸಿದ್ದಮ್ಮ ಮೂಗಿಗೆ ಮೂಗು ತಾಗುವಷ್ಟು ಬಗ್ಗಿದರೂ ಕನ್ನಡಕದೊಳಗೆ ಒಂದು ಕಣ್ಣು ಅಂಗೈಯಗಲ ಕಂಡು ಅಲ್ಲಾಡುತ್ತಿತ್ತು. ಅದರ ನಡು ಎಲ್ಲಿ, ಅಂಚು ಎಲ್ಲಿ ತಿಳಿಯದು. ಅಂದಾಜಿನಲ್ಲಿ ಹಿಂಡುತ್ತಿದ್ದಳು. ಬಿತ್ತಾ ಎಂದರೆ ಸುವರ್ಣಮ್ಮ ಪ್ರತಿ ಸಲವೂ, ಬಿತ್ತು ಅಕ್ಕ ಎನ್ನುತ್ತಿದ್ದಳು. ಅವಳ ಕೆನ್ನೆಯ ಪಕ್ಕದ ರಾಗಿ ಚೀಲದ ಮೇಲೆ ಒದ್ದೆ ಮಚ್ಚೆ ಬೀಳುತ್ತಿತ್ತು. ಅದು ಗುರುಸಿದ್ದಮ್ಮನ ಬೆರಳಿಗೆ ತಾಗಿತ್ತು ಕೂಡ. ಹೆಚ್ಚಾದದ್ದು ಸುರಿದಿರಬೇಕು ಎಂದುಕೊಂಡಳು. ತನ್ನ ಕಾಲದಲ್ಲಿ ಹೀಗೆ ಗಂಟೆಗಂಟೆಗೂ ಯಾರೂ ಏನೂ ಹಾಕಿರಲಿಲ್ಲ, ಹಾಕಿದರೆಷ್ಟು, ಬಿಟ್ಟರೆಷ್ಟು.

ನಾಲ್ಕನೆಯ ದಿನ ಬೆಳಿಗ್ಗೆ, ಇಂದ್ರೇಶ್ ಹೊರಟು ಹೋದ ಮೇಲೆ, ಸುವರ್ಣಮ್ಮ ಸಣ್ಣಗೆ ನರಳಿದಳು. ಕಣ್ಣು ಚುಚ್ಚುತ್ತಿದೆ ಎಂದಳು. ಬೆಳಕು ನೋಡಲಾಗುತ್ತಿಲ್ಲ, ಮತ್ತೆ ಮಂಜು ಮಂಜು.

ಆ ಮಾತು ಕಿವಿಗೆ ಬಿದ್ದ ಕ್ಷಣ ಗುರುಸಿದ್ದಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿಜವಾಗಿಯೂ ಆಯಿತು. ನೋಡಿದೆಯಾ, ಬೆಣ್ಣೆಯಂತೆ, ಕೂದಲಂತೆ, ಎಂದು ನಾಲಿಗೆಯ ತುದಿಗೆ ಬಂದಿತ್ತು. ಕರೀ ಕನ್ನಡಕ ತೆಗೆಸಿ ಬಗ್ಗಿ ನೋಡಿದಳು. ಅಷ್ಟು ದೊಡ್ಡದಾಗಿ ಕಾಣುವ ಗಾಜಿನೊಳಗಿಂದ ಬೇರೇನೂ ಕಾಣಲಿಲ್ಲ, ಕೆಂಪು ಕಂಡಿತು. ದಾಸವಾಳದಂಥ ಕೆಂಪು. ಸಂತೋಷ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಣ್ಣು ಹೋದರೆ ಏನು ಗತಿ ಎಂಬುದಷ್ಟೇ ಅವಳ ತಲೆಯಲ್ಲಿ ಉಳಿಯಿತು.

"ಏಳೇ. ಸೀರೆ ಸರಿ ಮಾಡ್ಕೊ. ಆಸ್ಪತ್ರೆಗೆ ಹೋಗಾನ."

"ಇಂದ್ರೇಶ ಬರ್ಲಿ ಬಿಡಿ ಅಕ್ಕ."

"ಅವನು ಬರೋ ಹೊತ್ಗೆ ಕಣ್ಣಿರಬೇಕಲ್ಲ. ಏಳು."

ಗಂಡಸಿಯ ತನಕ ಹಾಲಿನ ವ್ಯಾನು, ಅಲ್ಲಿಂದ ಬಸ್ಸು. ಬಸ್ಸಿನ ಮೆಟ್ಟಿಲು ಗುರುಸಿದ್ದಮ್ಮನಿಗೆ ಯಾವತ್ತೂ ಮೋಸ ಮಾಡುವ ಜಾಗ. ಇದ್ದಲ್ಲಿ ಕಾಣದು, ಕಂಡಲ್ಲಿ ಇರದು. ಕೆಂಪು ಕಣ್ಣಿಗೆ ಸೆರಗು ಒತ್ತಿಕೊಂಡಿದ್ದ ಸುವರ್ಣಮ್ಮನೇ ಇನ್ನೊಂದು ಕೈಯಲ್ಲಿ ಅವಳ ಮುಂಗೈ ಹಿಡಿದು ಹತ್ತಿಸಿದಳು. ಯಾರು ಯಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಕಂಡಕ್ಟರನಿಗೆ ಗೊತ್ತಾಗಿರಲಾರದು.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಸುವರ್ಣಮ್ಮನ ಗದ್ದವನ್ನು ಒಂದು ಯಂತ್ರದ ಮೇಲಿಡಿಸಿ ಬಹಳ ಹೊತ್ತು ನೋಡಿದಳು. ಹನಿ ಸರಿಯಾಗಿ ಹಾಕುತ್ತಿದ್ದಿರಾ ಎಂದು ಕೇಳಿದಳು. ಗುರುಸಿದ್ದಮ್ಮ ಬಾಯಿ ತೆರೆಯುವ ಮೊದಲೇ ಸುವರ್ಣಮ್ಮ, ಮೂರು ದಿನವೂ ಮಲಗೇ ಇದ್ದೆ, ಅಕ್ಕ ಹಾಕುತ್ತಿದ್ದರು, ನಾನೇ ಹೆದರಿ ಕಣ್ಣು ಮುಚ್ಚಿಬಿಡುತ್ತಿದ್ದೆ ಎಂದಳು. ಡಾಕ್ಟರಮ್ಮ ಬೈದಳು. ಹನಿ ಬೀಳದೆ ಒಳಗೆ ಉರಿ ಎದ್ದಿದೆ, ಇನ್ನೆರಡು ದಿನ ಕಳೆದಿದ್ದರೆ ಕಣ್ಣನ್ನು ಮರೆತುಬಿಡಬೇಕಿತ್ತು, ಈಗ ಗಂಟೆಗೊಂದು ಸಲ ಹಾಕಿದರೆ ಉಳಿಯುತ್ತದೆ, ಮಲಗಿಸಿ ಇಟ್ಟವರು ಯಾರು, ಎದ್ದು ಓಡಾಡಲಿ ಎಂದಳು. ಸುವರ್ಣಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ಗುರುಸಿದ್ದಮ್ಮ ಕನ್ನಡಕ ಸರಿಮಾಡಿಕೊಂಡಳು.

ಆಗ ಡಾಕ್ಟರಮ್ಮನ ಕಣ್ಣು ಅವಳ ಕಡೆ ತಿರುಗಿತು. ಅಜ್ಜಿ, ನಿಮ್ಮ ಕನ್ನಡಕ ಸ್ವಲ್ಪ ಕೊಡುತ್ತೀರಾ ಎಂದಳು. ಬಿಳೀ ಕೋಟಿನ ಇಬ್ಬರು ಹುಡುಗಿಯರನ್ನು ಕರೆದು, ಇಂಥದ್ದು ಇನ್ನು ಮುಂದೆ ನೋಡಲು ಸಿಗುವುದಿಲ್ಲ, ಚೆನ್ನಾಗಿ ನೋಡಿಕೊಳ್ಳಿ ಎಂದಳು. ಹಳೇಬೀಡಿಗೆ ಬಂದವರು ಮೂಗು ಮುರಿದ ವಿಗ್ರಹ ನೋಡುವ ಹಾಗೆ ಅವರು ನೋಡಿದರು. ಕನ್ನಡಕ ಕೈಯಿಂದ ಕೈಗೆ ಹೋಯಿತು. ಒಬ್ಬಳು ಹಾಕಿಕೊಂಡು, ಅಯ್ಯೋ ತಲೆ ತಿರುಗುತ್ತೆ ಎಂದು ನಕ್ಕಳು. ಅಷ್ಟು ಹೊತ್ತೂ ಗುರುಸಿದ್ದಮ್ಮ ಆ ಬೆಳ್ಳನೆಯ ಮಜ್ಜಿಗೆಯೊಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಸುವರ್ಣಮ್ಮ ಎಲ್ಲಿದ್ದಾಳೆ ಎಂದೂ ತಿಳಿಯಲಿಲ್ಲ.

ಕನ್ನಡಕ ವಾಪಸು ಬಂದ ಮೇಲೆ ಕೇಳಿದಳು. ಮೂರು ದಿನದಿಂದ ಅದನ್ನೇ ಕೇಳಬೇಕೆಂದಿದ್ದಳೋ ಏನೋ.

"ನಂಗೂ ಒಳಗೆ ಗಾಜು ಇಡ್ತೀರೇನವ್ವ?"

ಡಾಕ್ಟರಮ್ಮ ಅವಳ ಗದ್ದವನ್ನೂ ಯಂತ್ರದ ಮೇಲಿಡಿಸಿದಳು. ಒಂದು ಕಣ್ಣು, ಇನ್ನೊಂದು ಕಣ್ಣು. ಈಗ ಅವಳ ದನಿಯಲ್ಲಿ ಬೈಗುಳವಿರಲಿಲ್ಲ.

"ಆಗಿನ ಆಪರೇಷನ್ನೇ ಹಾಗಿತ್ತು ಅಜ್ಜಿ. ಪೊರೆ ಜೊತೆ ಅದು ಕೂತಿರೋ ಚೀಲಾನೂ ತೆಗೆದುಬಿಡ್ತಿದ್ರು. ನಾವೀಗ ಲೆನ್ಸ್ ಇಡೋದು ಆ ಚೀಲದೊಳಗೇ. ನಿಮ್ಮಲ್ಲಿ ಅದಕ್ಕೆ ಜಾಗ ಇಲ್ಲ. ಬೇರೆ ಥರ ಕೂರಿಸಬಹುದು, ಆದ್ರೆ ಇರೋ ನೋಟಾನೂ ಹೋದ್ರೆ? ಕನ್ನಡಕದಲ್ಲೇ ಕಾಣ್ತಿದೆಯಲ್ಲ, ಅದೇ ಇರಲಿ."

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತರು. ಸುವರ್ಣಮ್ಮ ಕಡಲೆಪುರಿ ಕೊಂಡು ತಂದು ಮಡಿಲಿಗೆ ಹಾಕಿದರೂ ಗುರುಸಿದ್ದಮ್ಮ ಮುಟ್ಟಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಓರಗಿತ್ತಿಯರಿಗೂ ಬೇರೆ ಬೇರೆ ಕಾಲ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಒಂದೇ ಮನೆ, ಒಂದೇ ಒಲೆಯ ಹೊಗೆ, ಒಂದೇ ರೋಗ. ಮುಂದಾಗಿ ಕುರುಡಾದದ್ದೇ ತನ್ನ ತಪ್ಪಾಯಿತು. ಅಷ್ಟು ಉರಿಯನ್ನು ಅವಳು ಗಂಡನ ಕಾಲದಲ್ಲಿ ಹೊಲ ಪಾಲು ಹಂಚಿಕೊಂಡಾಗಲೂ ಕಂಡಿರಲಿಲ್ಲ. ಪಕ್ಕದಲ್ಲಿ ಸೆರಗು ಒತ್ತಿಕೊಂಡು ಕೂತಿದ್ದವಳ ಕಡೆ ತಿರುಗಿ ನೋಡಲೂ ಮನಸ್ಸಾಗಲಿಲ್ಲ.

ಮನೆಗೆ ಬಂದವಳೇ ಮಂಚದ ಮೇಲಿದ್ದ ರಾಗಿ ಚೀಲಗಳನ್ನು ಎತ್ತಿ ಮೂಲೆಗೆ ಎಸೆದಳು. ಒಂದರ ಹೊಲಿಗೆ ಬಿಚ್ಚಿ ಒಂದು ಹಿಡಿ ರಾಗಿ ನೆಲಕ್ಕೆ ಚೆಲ್ಲಿತು. ಗಂಟೆಗೊಂದು ಹನಿ. ಗೋಡೆಗೆ ಒರಗಿ ಕೂತು ಓರಗಿತ್ತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ಹಿಂಡಿದಳು.

"ಬಿತ್ತಾ?"

ಸುವರ್ಣಮ್ಮ ಈ ಸಲ ಕೆನ್ನೆ ಒರೆಸಿಕೊಂಡಳು.

"ಇಲ್ಲ ಅಕ್ಕ. ಕೆನ್ನೆ ಮೇಲೆ ಬಿತ್ತು."

"ಇಷ್ಟು ದಿನ?"

"ಇಷ್ಟು ದಿನವೂ ಅಲ್ಲೇ ಬೀಳ್ತಿತ್ತು. ಎಲ್ಲೋ ಒಂದೊಂದು ಒಳೀಕೆ ಹೋಗಿರಬೈದು."

"ಮತ್ತೆ ಬಿತ್ತು ಬಿತ್ತು ಅಂತ ಯಾಕಂದ್ಯೇ? ಕಣ್ಣು ಹೋಗಿದ್ರೆ ಯಾರ ತಲೆ ಮೇಲೆ ಬತ್ತಿತ್ತು?"

ಸುವರ್ಣಮ್ಮ ತೊಡೆಯ ಮೇಲೆ ಮಲಗಿದ್ದಂತೆಯೇ ಸೂರಿನ ಕಡೆ ನೋಡುತ್ತಾ ಹೇಳಿದಳು.

"ನೀವು ನಂಗೆ ಅಂತ ಮಾಡ್ತಿದ್ರಲ್ಲ. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಆ ಸ್ಕೂಲಲ್ಲಿ ಒಂದು ವಾರ ಕುಕ್ಕರಗಾಲಲ್ಲಿ ಕೂತು ನಿಮ್ಮ ತಲೆ ಹಿಡ್ಕಂಡಿದ್ದೋಳು ನಾನು. ಮರಳಿನ ಚೀಲ ಒತ್ತಿ ಕಿವಿ ನೋಯ್ತದೆ ಅಂತ ನೀವು ಅಳೋರು. ನರ್ಸಮ್ಮ ಅತ್ಲಾಗೆ ಹೋದೇಟ್ಗೆ ಚೀಲ ತೆಗೆದು ನನ್ನ ಕೈ ಇಡ್ತಿದ್ದೆ. ಹದಿನಾರು ವರ್ಷ ಊರಿಗೆಲ್ಲ ಆ ಕಥೆ ಹೇಳಿದ್ರಿ ಅಕ್ಕ. ಅದ್ರಾಗೆ ನೀವಿದ್ರಿ, ಶಿವ ಇದ್ದ. ನಾನು ಒಲೆ ಮುಂದೆ ಕೂತ್ಕಂಡು ಕೇಳೋಳು, ಇವತ್ತು ಬತ್ತೀನೇನೋ, ಇವತ್ತು ಬತ್ತೀನೇನೋ ಅಂತ. ಬರ್ಲೇ ಇಲ್ಲ. ನಂಗೂ ಹೊಟ್ಟೆ ಉರೀತಿತ್ತು ಕಣಕ್ಕ."

ಗುರುಸಿದ್ದಮ್ಮನಿಗೆ ಆ ಕೈಗಳ ನೆನಪು ಬಂತು ಎಂದರೆ ಸುಳ್ಳಾದೀತು. ಅವು ಎಂದೂ ಮರೆತಿರಲಿಲ್ಲ. ಒರಟಾದ, ಸಗಣಿಯ ವಾಸನೆಯ ಎರಡು ಬೆಚ್ಚನೆಯ ಕೈ. ಒಬ್ಬಳೇ ಎಂದರೆ ಕೇಳುವವರ ಕಣ್ಣಲ್ಲಿ ಹೆಚ್ಚು ನೀರು ಬರುತ್ತಿತ್ತು, ಅಷ್ಟೇ. ಮೊದಲ ಸಲ ಬಿಟ್ಟಳು, ಎರಡನೆಯ ಸಲ ಬಿಟ್ಟಳು, ಆಮೇಲೆ ಕಥೆಯಲ್ಲಿ ಆ ಕೈಗಳಿಗೆ ಜಾಗವೇ ಉಳಿಯಲಿಲ್ಲ.

"ಗಂಟೆಗೊಂದು ಅಂದವ್ಳೆ," ಎಂದಳು ಕೊನೆಗೆ. "ಕಣ್ಣು ಬಿಡು."

ಸುವರ್ಣಮ್ಮ ಕೈ ಮೇಲೆತ್ತಿ ಅವಳ ಮಣಿಕಟ್ಟನ್ನು ಹಿಡಿದಳು. ಇನ್ನೂ ಸ್ವಲ್ಪ ಈ ಕಡೆ, ಸ್ವಲ್ಪ ಕೆಳಗೆ, ಹಾಂ ಅಲ್ಲೇ, ಎಂದಳು. ಹನಿ ಬಿತ್ತು. ಈ ಸಲ ಅದು ಬಿದ್ದದ್ದು ಗುರುಸಿದ್ದಮ್ಮನಿಗೂ ಗೊತ್ತಾಯಿತು. ತೊಡೆಯ ಮೇಲಿದ್ದ ತಲೆ ಒಮ್ಮೆ ಬೆಚ್ಚಿ ಅಲುಗಿತು.

ಕಣ್ಣು ಉಳಿಯಿತು. ಹದಿನೈದು ದಿನದೊಳಗೆ ಸುವರ್ಣಮ್ಮ ಕೊಟ್ಟಿಗೆಯ ಕೆಲಸಕ್ಕೆ ಇಳಿದಳು, ಸೂಜಿಗೆ ದಾರ ಪೋಣಿಸಿದಳು, ಊರಿನವರು ನೋಡಿ ಬೆರಗಾಗಿ ಆಮೇಲೆ ಮರೆತರು. ಗುರುಸಿದ್ದಮ್ಮನಿಗೆ ಸೂಜಿ ಪೋಣಿಸುವುದನ್ನು ಕಂಡರೆ ಈಗಲೂ ಆಗುತ್ತಿರಲಿಲ್ಲ. ಎದ್ದು ಹೊರಗೆ ಹೋಗುತ್ತಿದ್ದಳು.

ಹಾಗೆ ಎದ್ದು ಬಂದು ಜಗಲಿಯಲ್ಲಿ ಕೂತಿದ್ದ ಒಂದು ಮಧ್ಯಾಹ್ನ ಚಲುವಮ್ಮ ಬಂದಳು. ಜೊತೆಗೆ ಗಂಡ ಹನುಮಂತಯ್ಯ, ಕೈಯಲ್ಲಿ ಅವನದೇ ಬ್ಯಾಟರಿ. ಇವರಿಗೂ ಬಲಗಣ್ಣು ಮಂಜಂತೆ, ಹಣ್ಣಾಗಿದೆಯಾ ನೋಡಿ ಎಂದಳು ಚಲುವಮ್ಮ. ಒಳಗೆ ಸುವರ್ಣಮ್ಮ ಆ ಎರಡು ಚೀಲದ ರಾಗಿಯನ್ನು ಮಿಲ್ಲಿಗೆ ಕೊಡಲೆಂದು ಮೊರದಲ್ಲಿ ಕೇರುತ್ತಿದ್ದಳು. ಸರಸರ ಸದ್ದು ಹೊರಗೆ ಬರುತ್ತಿತ್ತು.

ಹನುಮಂತಯ್ಯ ಅವಳ ಮುಂದೆ ಕತ್ತೆತ್ತಿ ಕೂತ. ಗುರುಸಿದ್ದಮ್ಮ ಬ್ಯಾಟರಿ ಇಸಿದುಕೊಂಡಳು, ಗುಂಡಿಯ ಮೇಲೆ ಬೆರಳಿಟ್ಟಳು. ಹಚ್ಚದೆ ವಾಪಸು ಕೊಟ್ಟಳು.

"ಹಣ್ಣಾಗದೇನೂ ಬ್ಯಾಡವಂತೆ ಈಗ. ನಾಳೆನೇ ಅರಸೀಕೆರೆಗೆ ಕರ್ಕಂಡೋಗು. ಹೋದಂಗೆ ಬರಬೈದು."

ಅಷ್ಟೇನಾ ಎಂದಳು ಚಲುವಮ್ಮ. ನಿಮ್ಮ ಕಥೆ ಕೇಳಿ ಇವರು ಹೆದರಿ ಕೂತಿದ್ದಾರೆ, ಒಬ್ಬಳೇ ವಾರಗಟ್ಟಲೆ ಮಲಗಿದ್ದಿರಂತಲ್ಲ, ಈಗ ಹಾಗಿಲ್ಲ ತಾನೆ ಎಂದಳು.

"ಆಗಿನ ಕಷ್ಟ ಈಗಿನವರಿಗೇನು ಗೊತ್ತು," ಎಂದು ಗುರುಸಿದ್ದಮ್ಮ ಶುರುಮಾಡಿದಳು. ಬೆಂಚು ಬಂತು, ಮಗ್ಗಿ ಬರೆದ ಹಲಗೆ ಬಂತು, ಪಟ್ಟಿ ಬಂತು, ಮರಳಿನ ಚೀಲ ಬಂತು. ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಗಂಡ ದಿಕ್ಕಿಲ್ಲ, ಮಗಳು ದಿಕ್ಕಿಲ್ಲ. ಅಲ್ಲಿಗೆ ಬಂದು ನಿಂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಇವ್ಳಿದ್ಲು," ಎಂದಳು. "ಒಳಗಡೆ ರಾಗಿ ಕೇರ್ತಾವ್ಳಲ್ಲ, ಇವ್ಳು. ಚೀಲ ತೆಗೆದು ಕೈಯಲ್ಲೇ ತಲೆ ಹಿಡ್ಕಂಡಿದ್ಲು. ಹಗಲೂ ರಾತ್ರಿ." ಆಮೇಲೆ, ಕೊಟ್ಟದ್ದು ಹೆಚ್ಚಾಯಿತೇನೋ ಎನ್ನುವ ಹಾಗೆ, "ಆದ್ರೂ ನೋವು ನಂದೇ ಅನ್ನು," ಎಂದು ಸೇರಿಸಿದಳು.

ಒಳಗೆ ಮೊರದ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಗುರುಸಿದ್ದಮ್ಮ ಗಮನಿಸಿರಲಿಲ್ಲ. ಚಲುವಮ್ಮ ಏನೋ ಕೇಳುತ್ತಿದ್ದಳು, ಅದು ಅವಳ ಕಿವಿಗೆ ಹೋಗಲಿಲ್ಲ. ಒಳಬಾಗಿಲ ಕಡೆ ಕತ್ತು ತಿರುಗಿಸಿ, ಏನೂ ಕಾಣದಿದ್ದರೂ ನೋಡುತ್ತಾ ಕೂತಳು. ಬಹಳ ಹೊತ್ತಾದ ಮೇಲೆ ಒಳಗಿಂದ ಒಂದು ಹಿಡಿ ರಾಗಿ ಮೊರಕ್ಕೆ ಬಿದ್ದ ಸದ್ದಾಯಿತು, ಆಮೇಲೆ ಮೆಲ್ಲಗೆ ಕೇರುವ ಸದ್ದು.